ಬಾವಿಕಟ್ಟೆಯ ಮೂಗು ಮುರಿದ ಜಿಜೋ

ಶಿತಾಯಾ, ಟೋಕಿಯೊ
ಮೇಜಿ ಇಪ್ಪತ್ತೈದು, ಜುಲೈ ಹದಿನೇಳು

ನುಯಿಯ ಅಪ್ಪನಿಗೆ ತೋಸೆ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ನಾಲ್ಕು ವರ್ಷ ನಿಮ್ಮ ಸಮಾಧಿಗೆ ನೀರೆರೆದ ಕೈಯಲ್ಲಿ ಈ ಮಾತು ಬರೆಯುವಾಗ ಕುಂಚ ಜಾರಿ ಬಿತ್ತು, ಮಸಿ ಚೆಲ್ಲಿದ್ದಕ್ಕೆ ಕ್ಷಮೆಯಿರಲಿ. ಒಸಾಕಾದ ಸೆಕೆ ಹೊಟ್ಟೆ ಕೆಡಿಸುತ್ತದಂತೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ? ಯಾರು ಬಡಿಸುತ್ತಾರೆ? ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ, ನೆನೆದ ಸೋಯಾ ಕಾಳನ್ನು ದಿನಾ ಬೆಳಿಗ್ಗೆ ಹಳೇ ಶತ್ರುವಿನ ಹಾಗೆ ಬೈಯುತ್ತಲೇ ಬೀಸುತ್ತಾರೆ. ನುಯಿಗೆ ಹತ್ತು ತುಂಬಿತು. ನಿಮ್ಮ ಹಾಗೇ ಕೆಲಸ ಮಾಡುವಾಗ ನಾಲಿಗೆ ಹೊರಗೆ ಹಾಕುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತೋಫುವನ್ನು ಹೊತ್ತು ಮಾರುವ ಗೆನ್‌ಪಾಚಿ ಎನ್ನುವವರಿದ್ದಾರೆ, ನೀವು ಹೋದ ಮೇಲೆ ಬಂದವರು. ಹೆಸರು ನಿಮಗೆ ಗೊತ್ತಿರಲಾರದು, ಮುಖ ಗೊತ್ತು. ಸತ್ತವರನ್ನು ಮನೆಗೆ ಕರೆಯುವ ಹಬ್ಬದ ಮೊದಲ ದಿನ, ಹದಿಮೂರನೇ ತಾರೀಕು, ಅವರು ನುಯಿಗೆಂದು ಒಸಾಕಾದ ವ್ಯಾಪಾರಿಯ ಹತ್ತಿರ ಮೂರು ಹಾಳೆ ಬಣ್ಣದ ಚಿತ್ರ ತಂದರು. ಕತ್ತರಿಸಿ, ಅಂಟಿಸಿ, ನಿಲ್ಲಿಸುವ ಕಾಗದದ ಮನೆ. ಎಷ್ಟು ವರ್ಷ ನೀವೇ ಅಂಥವಕ್ಕೆ ಅಚ್ಚು ಕೆತ್ತಿದ್ದೀರಿ, ನಾನು ವಿವರಿಸಬೇಕಿಲ್ಲ. ಈ ಸಲದ್ದು ತೋಫು ಅಂಗಡಿ. "ನಮ್ಮ ಅಂಗಡೀನೇ ದುಡ್ಡು ಕೊಟ್ಟು ನಮಗೇ ತಂದ್ಯೇನಪ್ಪ, ಬುದ್ಧಿವಂತ" ಎಂದು ಅತ್ತೆ ಹಂಗಿಸಿದರು. ಸಂಜೆ ಬಾಗಿಲ ಮುಂದೆ ಸೆಣಬಿನ ಕಡ್ಡಿ ಸುಟ್ಟು, ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ನೀವು ಏರಿ ಬರಲು ಕುದುರೆ ಮಾಡಿಟ್ಟು, ಎಲ್ಲ ವರ್ಷದಂತೆ ನಿಮ್ಮ ಆತ್ಮವನ್ನು ಒಳಗೆ ಕರೆದೆವು. ಆಮೇಲೆ ಅನ್ನದ ಗಂಜಿ ಇಟ್ಟುಕೊಂಡು ಮನೆ ಕಟ್ಟಲು ಕೂತೆವು.

ಗೋಡೆ ನಿಂತಿತು, ಮಾಡು ಕೂತಿತು. "ಅಜ್ಜೀ, ಈ ಕಾಗದದ ಅಜ್ಜೀನೂ ನಿನ್ನ ಹಾಗೆ ತಲೆವಸ್ತ್ರಕ್ಕೆ ಎಡಗಡೆ ಗಂಟು ಹಾಕಿದ್ದಾಳೆ" ಎಂದಳು ನುಯಿ. "ಎಡಚಿ ಲೋಕದಲ್ಲಿ ನಾನೊಬ್ಬಳೇನೇ" ಎಂದು ಅತ್ತೆ ನಕ್ಕರು. ಕಾಗದದ ಬಾಗಿಲ ಮೆಟ್ಟಿಲ ಬಲಮೂಲೆಯೂ ಚಕ್ಕೆ ಎದ್ದಿತ್ತು. ನಮ್ಮ ಮೆಟ್ಟಿಲಲ್ಲಿ ನೀವು ಬೀಸುಕಲ್ಲು ಬೀಳಿಸಿದ ಜಾಗವದು. ಗೆನ್‌ಪಾಚಿ ತಲೆಯೆತ್ತಿ ನಿಜವಾದ ಮೆಟ್ಟಿಲನ್ನು ನೋಡಿದರು. ನೀವು ಎಂದೋ ಬರೆದಿಟ್ಟ ಚಿತ್ರ ಯಾರ ಕೈಗೋ ಸಿಕ್ಕಿರಬೇಕು ಎಂದುಕೊಂಡೆ. ಮನೆಗೇ ಬಂದಿತಲ್ಲ ಎಂದು ಸಂತೋಷವೂ ಆಯಿತು, ಸುಳ್ಳು ಹೇಳಲಾರೆ. ಅಷ್ಟರಲ್ಲಿ ನುಯಿ ಬಾವಿಯ ಪಕ್ಕಕ್ಕೆ ಬೆರಳುದ್ದವೂ ಇಲ್ಲದ ಇನ್ನೊಂದು ತುಂಡು ಅಂಟಿಸಿದಳು. ಸತ್ತವರನ್ನು ಕಾಯುವ ದೇವರು, ಕೆಂಪು ಬಟ್ಟೆ ಕಟ್ಟಿದ ಕಲ್ಲಿನ ಜಿಜೋ. ಮೂಗು ಮುರಿದಿತ್ತು.

ಆ ಜಿಜೋವನ್ನು ನಮ್ಮ ಬಾವಿಕಟ್ಟೆಯಲ್ಲಿ ಇಟ್ಟದ್ದು ನೀವು ಸತ್ತಿರೆಂದು ಮಾಡಿದ ಮೊದಲ ವರ್ಷಾಬ್ದಿಕಕ್ಕೆ, ನೀವಿದ್ದಾಗ ಅದು ಅಲ್ಲಿರಲಿಲ್ಲ. ನಿಮ್ಮ ಹೆಸರಲ್ಲೇ. ಮೂಗು ಮುರಿದದ್ದೆಂದು ಕಲ್ಲುಕುಟಿಗ ಅಗ್ಗಕ್ಕೆ ಕೊಟ್ಟಿದ್ದ.

ಅತ್ತೆ ಕಾಗದದ ಮನೆಯನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದರು. ಕೊನೆಗೆ, "ಬಂದಿದ್ದ. ಬಾವಿ ತನಕ ಬಂದು ಹೋಗಿದ್ದಾನೆ" ಎಂದರು. ಹೊರಗೆ ನಿಮ್ಮ ಆತ್ಮಕ್ಕೆ ಹಾಕಿದ ಬೆಂಕಿ ಇನ್ನೂ ಹೊಗೆಯಾಡುತ್ತಿತ್ತು. ಮತ್ತೆ ನೋಡಿದರೆ ಚಿತ್ರದ ಅಂಗಡಿಯೊಳಗೆ ನಾನು ತೊಟ್ಟಿಗೆ ಬಾಗಿದ್ದೇನೆ. ಹೆಗಲಿಗೆ ಅಡ್ಡೆ ಹೊತ್ತ ಗಂಡಸೊಬ್ಬ ನಿಂತಿದ್ದಾನೆ, ಗೆನ್‌ಪಾಚಿಯೇ. ನುಯಿ ಅವನ ತೋಳು ಹಿಡಿದಿದ್ದಾಳೆ. ನಿಮ್ಮ ಗೊಂಬೆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಗೆನ್‌ಪಾಚಿ ಇನ್ನೂ ಟೋಕಿಯೊದಲ್ಲೇ ಇದ್ದ ಆ ವ್ಯಾಪಾರಿಯನ್ನು ಹುಡುಕಿಕೊಂಡು ಹೋದರು. ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತು ಹೇಳಿದರು: ಒಸಾಕಾದ ಕಾಲುವೆ ಪಕ್ಕದ ಅಚ್ಚಿನ ಮನೆಯಲ್ಲಿ ಯೊಸುಕೆ ಎನ್ನುವ, ನಿಮ್ಮದೇ ಹೆಸರಿನ ಕೆತ್ತನೆಗಾರನಿದ್ದಾನೆ. ಹಡಗಿನ ಬೆಂಕಿಯಲ್ಲಿ ಅರ್ಧ ಮುಖ ಬೆಂದುಹೋಗಿದೆ. ಬೀದಿಗಿಳಿದರೆ ಟವೆಲು ಸುತ್ತಿಕೊಳ್ಳುತ್ತಾನೆ, ಮಕ್ಕಳು ಹೆದರುತ್ತಾರೆಂದು. ಆಚೆ ವರ್ಷ ಶರತ್ಕಾಲದಲ್ಲಿ ಆ ವ್ಯಾಪಾರಿಯ ಜೊತೆ ರೈಲಿನಲ್ಲಿ ಟೋಕಿಯೊಗೆ ಬಂದವನು, ಶಿತಾಯಾದ ಕಡೆ ಹೋಗಿ, ಅದೇ ಸಂಜೆ ಮರಳಿಬಿಟ್ಟ.

ಹಡಗು ಸುಟ್ಟ ಸುದ್ದಿ ಬಂದಾಗ, ಹೆಣ ಸಿಗದೆ, ನಾವು ಹೂತದ್ದು ನಿಮ್ಮ ಕೆಲಸದ ಅಂಗಿಯನ್ನು. ನೀವು ನಮ್ಮ ಬೇಲಿಯಾಚೆ ನಿಂತು ನಿಮ್ಮದೇ ಜಿಜೋವನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಹೋದಿರಿ. ನಾಲ್ಕು ದಿನದಿಂದ ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಇನ್ನೂ ತಲೆಗೆ ಇಳಿದಿಲ್ಲ. ನೀವು ಬೇಲಿಯಾಚೆ ನಿಂತ ದಿನ ಗೆನ್‌ಪಾಚಿ ನಮಗೆ ಬರೀ ಕೂಲಿಯವರು. ಇವತ್ತಿನ ಮಾತನ್ನೂ ಮುಚ್ಚಿಡುವುದಿಲ್ಲ. ಈ ಶರತ್ಕಾಲಕ್ಕೆ ಅವರಿಗೂ ನನಗೂ ಮದುವೆ ಎಂದು ಅತ್ತೆಯೇ ಗೊತ್ತು ಮಾಡಿದ್ದರು, ನಾನೂ ಒಪ್ಪಿದ್ದೆ. ಒಳ್ಳೆಯ ಮನುಷ್ಯ. ಹೊಸ್ತಿಲಿಂದ ಏಳುವಾಗ ಅವರು ಹೇಳಿದ್ದಿಷ್ಟು: "ಸತ್ತವನ ಜಾಗಕ್ಕೆ ಬರಬಹುದಿತ್ತು ಅಕ್ಕಾ. ಬದುಕಿರೋನ ಜಾಗಕ್ಕೆ ಬರೋ ಧೈರ್ಯ ನನಗಿಲ್ಲ." ಅಲ್ಲಿಯವರೆಗೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ನನಗೆ ಸಿಟ್ಟು ಬಂದಿದೆ. ಮುಖ ನೋಡಿ ಕಟ್ಟಿಕೊಂಡವಳೇ ನಾನು? ಮದುವೆಯ ದಿನ ನಾಚಿಕೆಗೆ ತಲೆಯೆತ್ತಲೇ ಇಲ್ಲ, ನಿಮ್ಮ ಕೈ ಮಾತ್ರ ಕಂಡಿತ್ತು. ಆ ಕೈ ನೆಟ್ಟಗಿದೆ ಎಂದು ಮೂರು ಹಾಳೆ ಸಾಕ್ಷಿ ಹೇಳುತ್ತಿವೆ.

ನಿನ್ನೆ ಆತ್ಮಗಳನ್ನು ಬೀಳ್ಕೊಡುವ ದಿನ. ಬೀದಿಯ ಎಲ್ಲ ಮನೆಗಳ ಮುಂದೆ ಬೆಂಕಿ ಹೊತ್ತಿತು. ಅತ್ತೆ ನಮ್ಮ ಕಡ್ಡಿಗಳ ಮೇಲೆ ತೋಫುವಿನ ನೀರು ಸುರಿದು, "ಉಸಿರಾಡೋ ಮಗನ್ನ ಕಳಿಸಿಕೊಡೋಕೆ ನನಗೇನು ಹುಚ್ಚೇ" ಎಂದು ಒಳಗೆ ಹೋಗಿ ಕೂತರು. ಪಕ್ಕದ ಮನೆಯವರು ಅವರಿಗೆ ಅರಳುಮರಳು ಎಂದರು.

ಅತ್ತೆಯ ಆಶೀರ್ವಾದ. ಜೊತೆಗೆ, ಸಿಕ್ಕರೆ ಎರಡು ಬಿಗಿಯುವುದೂ ಉಂಟಂತೆ.

ಇಂತಿ ನಿಮ್ಮ
ತೋಸೆ

ಮರೆತ ಮಾತು: ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಗೆನ್‌ಪಾಚಿಯನ್ನೂ ಬೀಸುಕಲ್ಲನ್ನೂ ಅತ್ತೆಗೆ ಒಪ್ಪಿಸಿ ರೈಲು ಹತ್ತಿದೆ. ನಿಮ್ಮ ಅಚ್ಚಿನ ಮನೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತು ಇಷ್ಟನ್ನು ಗೀಚುತ್ತಿದ್ದೇನೆ. ಇದನ್ನು ನಿಮ್ಮ ಕೈಗೆ ಕೊಟ್ಟು ಮುಂದೆ ನಿಂತಿರುವ ಹುಡುಗಿ ನುಯಿ. ನಿಮ್ಮ ಮುಖ ಬೆಂದ ವಿಷಯ ಅವಳಿಗೆ ಹೇಳಿದ್ದೇನೆ, ತಾನೇ ಒಯ್ಯುತ್ತೇನೆ ಎಂದಳು. ಟವೆಲು ತೆಗೆಯಿರಿ.