ಚೊಚ್ಚಲಲ್ಲ ಎಂದು ಹೇಳು

ಮಧುಗಿರಿ ಆಸ್ಪತ್ರೆ,
ಜುಲೈ ೧೪, ಭಾನುವಾರ

ಮಗಳೇ ತೇಜಸ್ವಿನಿ,

ಫೋನಿನಲ್ಲಿ ನಿನ್ನ ದನಿ ಕೇಳುತ್ತಲೇ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ತಮ್ಮ ಹುಟ್ಟಿದ್ದಾನೆ.

ನೀನು ತಲೆ ತಗ್ಗಿಸಬೇಡ. ಆ ಕೆಲಸವನ್ನು ನಾನೇ ಇಷ್ಟು ದಿನ ಮಾಡಿದ್ದೇನೆ. ಮಗಳೂ ಬಸುರಿ, ನಲವತ್ತು ದಾಟಿದ ತಾಯಿಯೂ ಬಸುರಿ ಎಂದರೆ ನಮ್ಮೂರು ಪುರವರದಲ್ಲಿ ಯಾರು ಸುಮ್ಮನಿರುತ್ತಾರೆ? ಮುಟ್ಟು ನಿಲ್ಲುವ ಕಾಲ ಬಂತು ಅಂದುಕೊಂಡಿದ್ದೆ. ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಗುರುತಿನವರು ಸಿಕ್ಕಾರೆಂದು ಮಧುಗಿರಿ ಬಿಟ್ಟು ಶಿರಾಕ್ಕೆ ಹೋಗಿ ತೋರಿಸಿಕೊಂಡೆ. ಎಷ್ಟನೇ ಹೆರಿಗೆ ಎಂದು ಡಾಕ್ಟರು ಕೇಳಿದರು. ಸಾಲಿನಲ್ಲಿದ್ದ ನಿನ್ನ ವಯಸ್ಸಿನ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. 'ಎರಡನೇದು' ಅಂದುಬಿಟ್ಟೆ.

ಸುಳ್ಳು ಕಣವ್ವ. ನಿನ್ನ ಬೆನ್ನಿಗೆ ಇನ್ನೆರಡು ಹುಟ್ಟಿದ್ದವು. ಎರಡೂ ದಿನ ತುಂಬುವ ಮೊದಲೇ ಬಂದು, ಹಾಲು ಕುಡಿಯದೆ ಹೋದವು. ನಿನಗೂ ನಾನು ಹೇಳಿರಲಿಲ್ಲ.

ಇವನೂ ಎಂಟು ತಿಂಗಳಿಗೆ ಬೀಳುತ್ತಲೇ ಬಂದ. ಆಂಬುಲೆನ್ಸು ತಂದಿಳಿಸಿದ್ದು ಮಧುಗಿರಿಗೇ. ಒಂದೂವರೆ ಕೆಜಿಯೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೊಮ್ಮೆ ಅವನ ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದನ್ನು ನೋಡಲಾರದೆ ನರ್ಸ್ ಭುವನಾ ಮುಂದೆ ಎಲ್ಲ ಹೇಳಿಬಿಟ್ಟೆ.

'ಇಂಗೆ ಎಲ್ಡು ಮಗ ದಿನ ತುಂಬ್ದೆ ಬ್ಯಾಗ ಹುಟ್ಟಿದ್ರೆ ಇದೂ ಬ್ಯಾಗ ಬರೋ ಭಯ ಜಾಸ್ತಿ ಕಣಮ್ಮ. ಮೊದ್ಲೇ ಹೇಳಿದ್ರೆ ಹುಷಾರಾಗಿ ನೋಡ್ಕಂತಿದ್ರು, ಮಗೀನ ಉಸಿರಿಗೆ ಇಂಜೆಕ್ಷನ್ನೂ ಕೊಡ್ತಿದ್ರು' ಅಂದಳು. ಮೆಲ್ಲಗೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆಯಿಂದ ಮೈಶಾಖ ತಗುಲಲೆಂದು ಅವನನ್ನು ನನ್ನ ಎದೆಗೆ ಕಟ್ಟುತ್ತಿದ್ದಾರೆ. ತಾನೇ ಉಸಿರಾಡುತ್ತಾನೆ. ಉಳಿಯುತ್ತಾನಂತೆ.

ಈಗ ನಿನ್ನ ಮಾತು. ಹೋದ ವರ್ಷ ಏಳು ತಿಂಗಳಿಗೇ ಹುಟ್ಟಿ ತೀರಿಹೋದ ನಿನ್ನ ಕೂಸಿತ್ತಲ್ಲ, 'ಅದರ ಸುದ್ದಿ ಎತ್ತಬೇಡ, ಕೊರಟಗೆರೆಯ ಡಾಕ್ಟರಿಗೆ ಚೊಚ್ಚಲು ಅಂತಲೇ ಹೇಳು, ಅಪಶಕುನ ಬೇಡ' ಎಂದವಳು ನಾನು. ನಿನ್ನ ಅತ್ತೆಯೂ ನಂಬಿ ಒಪ್ಪಿದರು. ಅದು ಶಕುನದ ಮಾತಲ್ಲ ತಾಯಿ. 'ನಿಮ್ಮಮ್ಮನಿಗೂ ಹೀಗಾಗಿತ್ತಾ' ಎಂದು ಡಾಕ್ಟರು ನಿನ್ನ ಅತ್ತೆಯೆದುರು ಕೇಳಿದರೆ ನನ್ನ ಗುಟ್ಟು ಬಯಲಾದೀತೆಂದು ಅಂಜಿದ್ದೆ. ನನ್ನ ಮಾನಕ್ಕೆ ನಿನ್ನ ಮಗುವನ್ನು ಅಡ್ಡವಿಟ್ಟೆ.

ಈ ಕಾಗದ ಕೈಸೇರಿದ ದಿನವೇ ಡಾಕ್ಟರ ಹತ್ತಿರ ಹೋಗು. ನಿನ್ನದನ್ನೂ ನನ್ನದನ್ನೂ ಹೇಳು. ಅತ್ತೆಯ ಎದುರೇ ಹೇಳು.

ನಿನ್ನ ಅಮ್ಮ,
ಅಶ್ವತ್ಥಮ್ಮ

ತಾ.ಕ.: ಹೊರಗಿನ ಬೆಂಚಿನಲ್ಲಿ ಪಾವಗಡದ ಹೆಂಗಸೊಬ್ಬರು 'ಮೊಮ್ಮಗನಾ?' ಎಂದರು. ಹೌದೆಂದೆ. ಇವತ್ತಿಗೂ ತಿದ್ದಲಾಗಿಲ್ಲ. ನೀನು ಬಂದರೆ, ಇವನ ಅಕ್ಕ ನಾನು ಎಂದು ನೀನೇ ಅವರಿಗೆ ಹೇಳಿಬಿಡು.