ಜಿನೀವಾದಲ್ಲಿ ನೀನು ಆಡಿದ ಮಾತು

ವೀರೇಂದ್ರ,

ಇವತ್ತು ಕಾಲೇಜು ಮುಗಿಸಿ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಹಿಡಿದೆ. ಜಿನೀವಾದ ಮಾನವ ಹಕ್ಕುಗಳ ಸಭೆಯಲ್ಲಿ ನೀನು ಮಾತನಾಡಿದ ವಿಡಿಯೋವನ್ನು ನಿನ್ನಮ್ಮನಿಗೆ ನನ್ನ ಮೊಬೈಲಿನಲ್ಲಿ ತೋರಿಸಬೇಕೆನಿಸಿತ್ತು. ನಾವಿಬ್ಬರು ಮಾತು ಬಿಟ್ಟ ಮೇಲೂ ದಾಕ್ಷಾಯಣಮ್ಮ ನನ್ನನ್ನು ಮಗಳಂತೆಯೇ ಕಾಣುತ್ತಾರೆ.

ಮೊದಲು ಒಬ್ಬ ಹೆಂಗಸು ಮಾತನಾಡಿದಳು. ಅವಳ ಮಗನನ್ನು ಅವಳದೇ ದೇಶದ ಸೈನಿಕರು ಎಳೆದೊಯ್ದಿದ್ದರು. ಎಲ್ಲಿದ್ದಾನೆಂದು ವಿಚಾರಿಸಿ ಎಂದು ಬೇಡಿಕೊಂಡಳು. ಆಮೇಲೆ, ನಮ್ಮ ದೇಶದ ಪ್ರತಿನಿಧಿಯಾದ ನೀನು, ಹೊಸದಾಗಿ ಬಲ ಗಳಿಸಿದ ದೇಶಗಳ ಗುಂಪಿನ ಪರವಾಗಿ ಮಾತನಾಡಿದೆ. ಅದು ಆ ದೇಶದ ಆಂತರಿಕ ವಿಷಯ, ಹೊರಗಿನವರು ಕೇಳುವಂತಿಲ್ಲ ಎಂದೆ. ಮತಕ್ಕೆ ಹಾಕಿದರು. ನಿಮ್ಮ ಗುಂಪೇ ಗೆದ್ದಿತು. ವಿಚಾರಣೆ ಇಲ್ಲವೆಂದಾಯಿತು.

ನಿನ್ನ ಅಣ್ಣ ರುದ್ರೇಶ ಪರದೇಶದ ಜೈಲಿನಲ್ಲಿ ಸುಳಿವಿಲ್ಲದಂತಾದಾಗ, ಹೊರಗಿನವರು ಕೇಳಿದ್ದರಿಂದ ತಾನೇ ಜೀವಂತವಾಗಿ ಮನೆಗೆ ಬಂದದ್ದು? ಅವನು ಬಂದಿಳಿದ ದಿನ ರೈಲ್ವೆ ಸ್ಟೇಷನ್ನಿನಲ್ಲಿ ನೀನು ನನ್ನ ಕೈ ಬಿಟ್ಟಿರಲಿಲ್ಲ.

"ನಮ್ ವೀರು ಏನಂದ ಶರಾವತಿ?" ನಿನ್ನಮ್ಮ ಕೇಳಿದರು.

ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

"ನೀನ್ ಸರಿಯಾಗಿ ಕೇಳಿಸ್ಕೊಂಡಿಲ್ಲ ಮಾರಾಯ್ತಿ. ಇನ್ನೊಂದ್ಸಲ ಹಾಕು."

ಹಾಕಿದೆ. ನಿನ್ನ ಇಂಗ್ಲಿಷಿನ ಒಂದೊಂದು ಮಾತಿಗೂ ಅರ್ಥ ಕೇಳಿದರು. ಕೊನೆಗೆ ನಿನ್ನ ಮುಖದ ಮೇಲೆ ಅಂಗೈಯಿಟ್ಟು ಪರದೆ ಮುಚ್ಚಿದರು.

"ಆ ಹೆಂಗಸು ಈಗ ಯಾರನ್ನ ಕೇಳ್ಬೇಕು?" ಎಂದರು.

ಅದಕ್ಕೆ ಉತ್ತರ ನಿನಗೆ ಗೊತ್ತಿದ್ದರೂ, ನಿನ್ನನ್ನು ಕೇಳುವ ಸಲಿಗೆ ನನಗೆ ಉಳಿದಿಲ್ಲ.

ಶರಾವತಿ