ಬೀಗಿತ್ತಿಯ ಎದುರಿಗೆ ಬಸಿ

ವಿಲ್ಫ್ರೆಡ್,

ನಮ್ಮ ಹೀದರ್‌ಗೆ ಅತ್ತೆಯಾಗೋಳನ್ನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಹೊರಟೆ. ನೀನು ಗೊರಕೆ ಹೊಡೀತಿದ್ದೆ, ಎಬ್ಬಿಸಲಿಲ್ಲ.

ಓವನ್‌ನಲ್ಲಿ ಕುರಿಮಾಂಸ ಇದೆ, ಸುಮ್ಮಸುಮ್ಮನೆ ಬಾಗಿಲು ತೆಗೆದು ಇಣುಕಬೇಡ. ಟೀ ಹಾಕೋ ಮುಂಚೆ ಟೀಪಾಟಿಗೆ ಬಿಸಿನೀರು ಹಾಕಿ, ಒಂದು ಸುತ್ತು ಕುಲುಕಿ ಚೆಲ್ಲು, ಪಾಟು ಬೆಚ್ಚಗಾಗ್ಲಿ. ಆ ಹರಕು ಸ್ವೆಟರ್ ಬಿಚ್ಚಿಡು, ದಮ್ಮಯ್ಯ.

ಬಾಗಿಲ ತನಕ ಹೋದವಳು ಮತ್ತೆ ಬಂದು ಬರೀತಿದ್ದೀನಿ. ಆಯಮ್ಮ ಊಟದ ಶಿಸ್ತಿನಲ್ಲಿ ಬಲು ಕಟ್ಟುನಿಟ್ಟು, ಬಟಾಣಿನೂ ಫೋರ್ಕ್ ಬೋರಲು ಹಿಡಿದೇ ತಿಂತಾಳಂತೆ. ನೀನು ಚಮಚ ಕೇಳಿ ಮಾನ ಕಳೀಬೇಡ. ಅದಕ್ಕೇ ಆಲೂಗಡ್ಡೆ ನುಣ್ಣಗೆ ಹಿಸುಕಿಟ್ಟಿದ್ದೀನಿ. ಫೋರ್ಕಿನ ಬೆನ್ನಿಗೆ ಮೊದಲು ಅದನ್ನ ಮೆತ್ಕೊಂಡ್ರೆ, ಕೈ ನಡುಗಿದ್ರೂ ಬಟಾಣಿ ಉರುಳಲ್ಲ. “ನಂಗೇನೂ ಆಗಿಲ್ಲ ಕಣೇ” ಅಂತ ಮತ್ತೆ ಶುರು ಮಾಡ್ಬೇಡ. ನಂಗೂ ಕಣ್ಣಿದೆ.

ಬಸಿಗೆ ಸುರ್ಕೊಂಡು ಸೊರ್ರನೆ ಟೀ ಹೀರಬೇಡ ಅಂತ ಮದುವೆಯಾದಾಗಿಂದ ಬಡ್ಕೋತಾನೇ ಇದ್ದೀನಿ. ಈಗೀಗ ಬಸಿನ ಮೇಜಿನ ಮೇಲೇ ಬಿಟ್ಟು, ಬಗ್ಗಿ ಕುಡೀತೀಯ. ಯಾಕೆ ಅಂತ ಗೊತ್ತು, ಕೇಳಲಿಲ್ಲ ಅಷ್ಟೆ.

ಇವತ್ತು ಕಪ್ಪು ಎತ್ತೋಕಾಗದಿದ್ರೆ ಗಾಬರಿ ಬೀಳಬೇಡ, ನನ್ನ ಕಡೆ ನೋಡು. ಬೀಗಿತ್ತಿಯ ಎದುರಿಗೇ, ನಿನಗಿಂತ ಮೊದಲು ನಾನೇ ಬಸಿಗೆ ಸುರ್ಕೊಂಡಿರ್ತೀನಿ.

ಡೋರೀನ್